ಇಂಗ್ಲೆಂಡಿನ ಮನೆಯಲ್ಲಿ ಸೌದೆ ಒಲೆ: ಊರಿನ ಅಭ್ಯಾಸ ಎಲ್ಲಿ ಸರಿ, ಎಲ್ಲಿ ಅಪಾಯ

ಇಂಗ್ಲೆಂಡಿನ ಹಳೇ ಮನೆಗಳ ಹಾಲ್‌ನಲ್ಲಿ ಗಾಜಿನ ಬಾಗಿಲಿನ ಕಬ್ಬಿಣದ ಒಲೆ ಕಂಡರೆ ನಮ್ಮವರಿಗೆ ಮೊದಲು ಅನ್ನಿಸುವುದು, ‘ಸೌದೆ ಒಲೆ ತಾನೇ, ಬಚ್ಚಲ ಹಂಡೆಗೆ ಉರಿ ಹಾಕಿಯೇ ಬೆಳೆದವರು ನಾವು’ ಅಂತ. ನನಗೂ ಹಾಗೇ ಅನ್ನಿಸಿತ್ತು. ಬಚ್ಚಲ ಒಲೆ ಮೂರು ಕಡೆಯಿಂದ ಗಾಳಿ ಎಳೆದುಕೊಳ್ಳುತ್ತದೆ, ಹೊಗೆ ಹೆಂಚಿನ ಸಂದಿಯಲ್ಲೂ ಹೋಗುತ್ತದೆ. ಇಲ್ಲಿಯದು ಮುಚ್ಚಿದ ಪೆಟ್ಟಿಗೆ. ಗಾಳಿ ಒಳಗೆ ಬರಲು ಕಿಂಡಿ ಒಂದೋ ಎರಡೋ, ಹೊಗೆ ಹೋಗಲು ಚಿಮಣಿ ಒಂದೇ. ಇವೆರಡರಲ್ಲಿ ಯಾವುದು ಕಟ್ಟಿದರೂ ಹೊಗೆ ತಿರುಗಿ ಮನೆಯೊಳಗೇ ಬರುತ್ತದೆ.

ಮೊದಲು ನಿಮ್ಮ ಬೀದಿ ‘ಸ್ಮೋಕ್ ಕಂಟ್ರೋಲ್ ಏರಿಯಾ’ದೊಳಗೆ, ಅಂದರೆ ಚಿಮಣಿ ಹೊಗೆಗೆ ನಿರ್ಬಂಧವಿರುವ ಪ್ರದೇಶದೊಳಗೆ, ಬರುತ್ತದೆಯೇ ಎಂದು ಸ್ಥಳೀಯ ಕೌನ್ಸಿಲ್ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಮೇಲೆ ಕವಿದ ಹೊಗೆಮಂಜಿಗೆ ಸಾವಿರಾರು ಜನ ಸತ್ತ ಮೇಲೆ, 1956ರ ಕ್ಲೀನ್ ಏರ್ ಆಕ್ಟ್‌ನಲ್ಲಿ ಹುಟ್ಟಿದ ಏರ್ಪಾಡು ಇದು. ದೊಡ್ಡ ಊರುಗಳ ಬಹುಭಾಗ ಇದರೊಳಗೇ ಇದೆ. ಅಲ್ಲಿ ಸೌದೆ ಉರಿಸಬೇಕಾದರೆ ಡೆಫ್ರಾದ (ಸರ್ಕಾರದ ಪರಿಸರ ಇಲಾಖೆ) ವಿನಾಯಿತಿ ಪಟ್ಟಿಯಲ್ಲಿರುವ ಒಲೆಯೇ ಆಗಬೇಕು. ಒಲೆಯ ಹಿಂದೆ ಅಥವಾ ಕೆಳಗೆ ಇರುವ ತಗಡಿನ ಮೇಲೆ ಮಾಡೆಲ್ ಹೆಸರು ಸಿಗುತ್ತದೆ. ಬಾಗಿಲಿಲ್ಲದ ತೆರೆದ ಫೈರ್‌ಪ್ಲೇಸ್‌ನಲ್ಲಿ, ಕ್ರಿಸ್‌ಮಸ್ ಸಂಜೆಗೆ ಒಂದೇ ಒಂದು ದಿನ ಅಂದರೂ, ಸೌದೆ ಹಾಕುವಂತಿಲ್ಲ. ಚಿಮಣಿಯಿಂದ ಹೊಗೆ ಬಿಟ್ಟರೆ 175ರಿಂದ 300 ಪೌಂಡ್ ದಂಡ. ಪಟ್ಟಿಯಲ್ಲಿಲ್ಲದ ಒಲೆಗೆಂದು ಸೌದೆ ಕೊಂಡರೆ 1,000 ಪೌಂಡ್‌ವರೆಗೂ ಬೀಳಬಹುದು.

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಲಿಖಿತವಾಗಿರಲಿ. ಮನೆ ಕೊಳ್ಳುವವರು ಒಲೆ ಕೂರಿಸಿದ ಹೆಟಾಸ್ (ಒಲೆ ಕೂರಿಸುವವರನ್ನು ನೋಂದಾಯಿಸುವ ಸಂಸ್ಥೆ) ಪ್ರಮಾಣಪತ್ರವನ್ನೋ, ಕೌನ್ಸಿಲ್‌ನ ಬಿಲ್ಡಿಂಗ್ ಕಂಟ್ರೋಲ್ ಪತ್ರವನ್ನೋ ಕೇಳಿ ಪಡೆಯಿರಿ. ಅದಿಲ್ಲದ ಒಲೆಯನ್ನು ಪರೀಕ್ಷೆ ಮಾಡಿಸದೆ ಹೊತ್ತಿಸಲೇಬೇಡಿ.

ಇನ್ನು ಸೌದೆ. ನನ್ನನ್ನು ಕೇಳಿದರೆ ಮುಕ್ಕಾಲು ವಿದ್ಯೆ ಇಲ್ಲೇ ಇದೆ. ಮಳೆಗಾಲಕ್ಕೆ ಮೊದಲೇ ಸೌದೆ ಒಡೆಸಿ ಕೊಟ್ಟಿಗೆಯಲ್ಲಿ ಒಟ್ಟುತ್ತಿದ್ದ ಮಲೆನಾಡಿನ ಹಿರಿಯರಿಗೆ ಇದನ್ನು ಹೇಳಿಕೊಡಬೇಕಿರಲಿಲ್ಲ. ಹಸಿ ಸೌದೆಯ ಶಾಖ ತನ್ನೊಳಗಿನ ನೀರನ್ನು ಕುದಿಸಿ ಓಡಿಸುವುದಕ್ಕೇ ಖರ್ಚಾಗುತ್ತದೆ. ಉರಿ ತಣ್ಣಗಾಗಿ ಹೊಗೆ ಹೆಚ್ಚುತ್ತದೆ. ಅದಕ್ಕೇ ಇಂಗ್ಲೆಂಡಿನಲ್ಲಿ 2021ರ ಮೇ 1ರಿಂದ, 2 ಘನ ಮೀಟರ್‌ಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆಯ ತೇವಾಂಶ ಶೇ. 20ಕ್ಕಿಂತ ಹೆಚ್ಚಿರಕೂಡದು. ಚೀಲದ ಮೇಲೆ ‘ರೆಡಿ ಟು ಬರ್ನ್’ ಗುರುತು ನೋಡಿಯೇ ಕೊಳ್ಳಿ. ಲಾರಿಗಟ್ಟಲೆ ತರಿಸುವವರಿಗೆ ಈ ಮಿತಿ ಇಲ್ಲ. ಒಣಗಿಸಿಕೊಳ್ಳುವುದು ನಿಮ್ಮ ಕೆಲಸ. ಚಿಕ್ಕದೊಂದು ತೇವಾಂಶ ಮೀಟರ್ ಇಟ್ಟುಕೊಳ್ಳಿ. ಹೊರಮೈಗೆ ಚುಚ್ಚಿದರೆ ಸುಳ್ಳು ಲೆಕ್ಕ ಬರುತ್ತದೆ. ತುಂಡನ್ನು ಸೀಳಿ, ಹೊಸದಾಗಿ ಕಂಡ ಒಳಮೈಗೆ ಚುಚ್ಚಿ. ಬಣ್ಣ ಬಳಿದ ಹಲಗೆ, ಹಳೇ ಬೇಲಿ ಕಂಬ, ಪ್ಲೈವುಡ್ ಬೇಡವೇ ಬೇಡ. ಅದರ ಹೊಗೆ ವಿಷ.

ಹೊತ್ತಿಸುವ ಕ್ರಮ ಊರಿನದಕ್ಕೆ ಪೂರ್ತಿ ತಲೆಕೆಳಗು. ನಾವು ಪುರಳೆ, ತೆಂಗಿನ ಗರಿ ಕೆಳಗಿಟ್ಟು ಮೇಲೆ ಕೊರಡು ಹೇರುತ್ತೇವೆ. ಇಲ್ಲಿ ಎರಡು ಮೂರು ಸೌದೆ ಕೆಳಗೆ, ಅದರ ಮೇಲೆ ಅಡ್ಡಡ್ಡ ಪುರಳೆ, ತುತ್ತತುದಿಯಲ್ಲಿ ಫೈರ್‌ಲೈಟರ್. ಬೆಂಕಿ ಮೇಲಿಂದ ಕೆಳಗಿಳಿಯುತ್ತದೆ. ಚಿಮಣಿ ಬೇಗ ಬಿಸಿಯಾಗಿ ಹೊಗೆಯನ್ನು ಎಳೆಯುತ್ತದೆ, ಕೆಳಗಿನ ಸೌದೆಯಿಂದ ಏಳುವ ಹೊಗೆ ಮೇಲಿನ ಜ್ವಾಲೆಯೊಳಗೇ ಹಾದು ಉರಿದುಹೋಗುತ್ತದೆ. ಗಾಳಿಕಿಂಡಿ ಪೂರ್ತಿ ತೆರೆದೇ ಇರಲಿ. ಚೆನ್ನಾಗಿ ಹತ್ತಿಕೊಂಡ ಮೇಲೆ ಕೆಳಗಿನ ಕಿಂಡಿ ಮುಚ್ಚಿ, ಮೇಲಿನದನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸಿ. ಮೇಲಿನ ಕಿಂಡಿಯ ಗಾಳಿ ಗಾಜಿನ ಒಳಮೈ ಸವರಿ ಇಳಿಯುವುದರಿಂದ ಗಾಜಿಗೆ ಮಸಿ ಹಿಡಿಯದು. ಗಾಜು ಕಪ್ಪಾಗುತ್ತಿದ್ದರೆ ಸೌದೆ ಹಸಿ ಅಥವಾ ಗಾಳಿ ಸಾಲದು. ಹೊರಗೆ ಹೋಗಿ ಚಿಮಣಿಯ ತುದಿಯನ್ನೂ ನೋಡಿ: ಹತ್ತಿಕೊಂಡ ಮೇಲೆ ಹೊಗೆ ಹೆಚ್ಚುಕಮ್ಮಿ ಕಾಣಲೇಬಾರದು.

ಈಗ ಆ ಅಪಾಯದ ಅಭ್ಯಾಸ. ನಮ್ಮಜ್ಜಿ ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿಟ್ಟು, ಬೆಳಗ್ಗೆ ಕೆದಕಿ ಊದುಗೊಳವೆಯಿಂದ ಊದಿ ಬೆಂಕಿ ಎಬ್ಬಿಸುತ್ತಿದ್ದಳು. ಅದೇ ಲೆಕ್ಕದಲ್ಲಿ ಇಲ್ಲಿ ಮಲಗುವ ಮುನ್ನ ಒಲೆ ತುಂಬಾ ಸೌದೆ ತುಂಬಿ ಕಿಂಡಿ ಮುಚ್ಚಬೇಡಿ. ಉಸಿರು ಕಟ್ಟಿದ ಬೆಂಕಿ ಕಾರ್ಬನ್ ಮಾನಾಕ್ಸೈಡ್ ಹುಟ್ಟಿಸುತ್ತದೆ, ಚಿಮಣಿಯ ಒಳಗೆ ಡಾಂಬರಿನಂಥ ಕಿಟ್ಟ ಮೆತ್ತುತ್ತದೆ. ಆ ಕಿಟ್ಟಕ್ಕೆ ಕಿಡಿ ತಗುಲಿದರೆ ಚಿಮಣಿಯೇ ಹೊತ್ತಿಕೊಳ್ಳುತ್ತದೆ. ಚಿಮಣಿಯಿಂದ ಗುಡುಗಿನಂಥ ಮೊರೆತ ಕೇಳಿದರೆ ಕಿಂಡಿಗಳನ್ನು ಮುಚ್ಚಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ. ನೀರು ಎರಚಬೇಡಿ.

ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಒಂದು ಚಳಿಗಾಲದ ಸಂಜೆ ಮನೆಗೆ ನೆಂಟರು ಬಂದಿದ್ದರು. ಒಲೆ ಹದವಾಗಿ ಉರಿಯುತ್ತಿತ್ತು. ಸಾರಿಗೆ ಒಗ್ಗರಣೆ ಹಾಕುವಾಗ ಮೆಣಸಿನಕಾಯಿ ಘಾಟು ಹೋಗಲೆಂದು ಅಡುಗೆಮನೆಯ ಫ್ಯಾನನ್ನು ಜೋರಾಗಿ ಹಾಕಿದೆ. ಎರಡು ನಿಮಿಷಕ್ಕೆ ಒಲೆಯ ಬಾಗಿಲ ಸಂದಿನಿಂದ ನೀಲಿ ಹೊಗೆ ಎಳೆಎಳೆಯಾಗಿ ಹಾಲ್‌ನೊಳಗೆ ಬರತೊಡಗಿತು, ಸ್ವಲ್ಪ ಹೊತ್ತಿಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿಕೊಂಡಿತು. ಫ್ಯಾನ್ ಮನೆಯ ಗಾಳಿಯನ್ನು ಹೊರಗೆಳೆದಾಗ, ಆ ಜಾಗ ತುಂಬಲು ಚಿಮಣಿಯ ಹೊಗೆಯೇ ಕೆಳಗಿಳಿದಿತ್ತು. ಕಿಟಕಿ ಬಾಗಿಲು ತೆಗೆದು ಮಕ್ಕಳನ್ನು ಅಂಗಳಕ್ಕೆ ಕಳಿಸಿದೆವು. ಅಡುಗೆಮನೆ, ಹಾಲ್ ಒಂದೇ ಆಗಿರುವ ಮನೆಗಳಲ್ಲಿ, ನಮ್ಮ ಅಡುಗೆ ಮಾಡುವವರು ಇದನ್ನು ಮರೆಯಲೇಬಾರದು: ಒಲೆ ಉರಿಯುವಾಗ ಫ್ಯಾನ್ ಬೇಡ. ಗೋಡೆಯಲ್ಲಿ ತಣ್ಣನೆ ಗಾಳಿ ಬರುವ ಜಾಲರಿ ಇದ್ದರೆ ಅದನ್ನು ಬಟ್ಟೆ ತುರುಕಿ ಮುಚ್ಚಬೇಡಿ. ಅದು ಒಲೆಯ ಉಸಿರು.

ಅಲಾರಂ ಒಲೆಯಿರುವ ಕೋಣೆಯಲ್ಲೇ, ಒಲೆಯಿಂದ 1ರಿಂದ 3 ಮೀಟರ್ ದೂರದಲ್ಲಿರಲಿ. ಬಾಡಿಗೆ ಮನೆಯಲ್ಲಿ ಅದನ್ನು ಹಾಕಿಸಿಕೊಡುವುದು ಮಾಲೀಕರ ಕಾನೂನುಬದ್ಧ ಹೊಣೆ, ಕೇಳಲು ಸಂಕೋಚ ಬೇಡ. ಅದು ಕೂಗಿದಾಗ ಯಾರಿಗಾದರೂ ತಲೆನೋವು, ವಾಕರಿಕೆ ಇದ್ದರೆ ಹೊರಗೆ ಬಂದು 999ಕ್ಕೆ ಕರೆ ಮಾಡಿ.

ಚಿಮಣಿ ಸ್ವೀಪ್‌ನನ್ನು (ಚಿಮಣಿ ಗುಡಿಸುವವನನ್ನು) ವರ್ಷಕ್ಕೆ ಒಮ್ಮೆಯಾದರೂ ಕರೆಸಿ. ಸೌದೆ ಹೆಚ್ಚು ಉರಿಸುವವರಿಗೆ ಅದು ಸಾಲದು. ಅವನು ಕೊಡುವ ಪ್ರಮಾಣಪತ್ರ ಎತ್ತಿಟ್ಟುಕೊಳ್ಳಿ, ಮನೆ ವಿಮೆಯವರು ಕೇಳಬಹುದು. ಬೂದಿಯನ್ನು ಪೂರ್ತಿ ಬಾಚಬೇಡಿ, ತೆಳ್ಳಗೆ ಒಂದು ಪದರ ಉಳಿಸಿ. ಸೌದೆ ಬೂದಿಯ ಹಾಸಿನ ಮೇಲೇ ಚೆನ್ನಾಗಿ ಉರಿಯುವುದು. ತೆಗೆದದ್ದನ್ನು ಮುಚ್ಚಳವಿರುವ ಲೋಹದ ಬಕೆಟ್ಟಿಗೆ ಹಾಕಿ ಹೊರಗಿಡಿ, ಪ್ಲಾಸ್ಟಿಕ್ ಬಿನ್ನಿಗಲ್ಲ, ಏಕೆಂದರೆ ಒಳಗೆ ಕೆಂಡ ದಿನಗಟ್ಟಲೆ ಜೀವಂತ ಇರುತ್ತದೆ. ಪೂರ್ತಿ ಆರಿದ ಮೇಲೆ ಹಿತ್ತಲ ತರಕಾರಿ ಮಡಿಗೆ ತೆಳುವಾಗಿ ಉದುರಿಸಬಹುದು.