ಎಡಗೈಯ ಕೆಲಸ

ಕೈಗೆ ಕತ್ತಿ ಕೊಡುವ ಮೊದಲು ಅಪ್ಪ ಆರು ತಿಂಗಳು ನನ್ನಿಂದ ಬರೀ ಗಡ್ಡ ಮುಟ್ಟಿಸಿದರು. ಉಡುಪಿಯ ಕಲ್ಸಂಕದ ಹತ್ತಿರ ನಮ್ಮದು ಎರಡು ಕುರ್ಚಿಯ ಕ್ಷೌರದ ಅಂಗಡಿ. ಎಸ್ಸೆಸ್ಸೆಲ್ಸಿ ಮುಗಿಸಿ 1989ರಲ್ಲಿ ನಾನು ಅಲ್ಲಿ ಕೆಲಸಕ್ಕೆ ನಿಂತೆ. ಗಿರಾಕಿಯ ಮುಖಕ್ಕೆ ನೀರು ಹಚ್ಚಿ, ಕಣ್ಣು ಮುಚ್ಚಿಕೊಂಡು ಬೆರಳ ತುದಿಯಿಂದ ಗಡ್ಡ ಸವರಿ, ಕೂದಲು ಯಾವ ಕಡೆಗೆ ಮಲಗಿದೆ ಎಂದು ಅಪ್ಪನಿಗೆ ಹೇಳಬೇಕಿತ್ತು. ತಪ್ಪು ಹೇಳಿದರೆ ಅವರು ಬಯ್ಯುತ್ತಿರಲಿಲ್ಲ. ನನ್ನ ಬೆರಳನ್ನು ಹಿಡಿದು ಅದೇ ಜಾಗಕ್ಕೆ ಮತ್ತೆ ತಂದಿಡುತ್ತಿದ್ದರು. “ಬಲಗೈ ಕತ್ತಿ ಹಿಡಿಯುತ್ತದೆ, ಅಷ್ಟೆ. ಕ್ಷೌರ ಮಾಡುವುದು ಎಡಗೈ” ಎನ್ನುತ್ತಿದ್ದರು. ಆ ಮಾತು ನನಗೆ ಪೂರ್ತಿಯಾಗಿ ತಿಳಿಯಲು ಮೂವತ್ತು ವರ್ಷ ಬೇಕಾಯಿತು.

ಕೆನ್ನೆಯ ಮೇಲೆ ಕೂದಲು ಸಾಮಾನ್ಯವಾಗಿ ಕೆಳಮುಖವಾಗಿ ಬೆಳೆಯುತ್ತದೆ. ದವಡೆಯ ಮೂಲೆ ದಾಟಿತೋ, ಲೆಕ್ಕ ತಪ್ಪಿತು. ಕತ್ತಿನಲ್ಲಿ ಕೆಲವರಿಗೆ ಮೇಲ್ಮುಖ, ಕೆಲವರಿಗೆ ಅಡ್ಡ, ಇನ್ನು ಕೆಲವರಿಗೆ ಗಂಟಲಿನ ಪಕ್ಕದಲ್ಲಿ ಒಂದು ಸುಳಿಯೇ ಇರುತ್ತದೆ. ಒಬ್ಬನ ಎಡಗೆನ್ನೆ ಇದ್ದಂತೆ ಬಲಗೆನ್ನೆ ಇರುವುದಿಲ್ಲ. ಮೊದಲ ಸಲ ಕೂದಲು ಮಲಗಿದ ದಿಕ್ಕಿಗೇ ಕತ್ತಿ ಹೋಗಬೇಕು. ಇನ್ನೂ ನುಣುಪು ಬೇಕೆಂದರೆ ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ ಎಳೆಯುತ್ತೇನೆ. ಪೂರ್ತಿ ಎದುರು ದಿಕ್ಕಿಗೆ ಎಳೆಯುವುದನ್ನು ನಾನು ಆದಷ್ಟು ತಪ್ಪಿಸುತ್ತೇನೆ, ಗುಂಗುರು ಗಡ್ಡದವರಿಗಂತೂ ಕೇಳಿದರೂ ಮಾಡುವುದಿಲ್ಲ. ಹಾಗೆ ಕತ್ತರಿಸಿದ ಕೂದಲಿನ ಚೂಪು ತುದಿ ಚರ್ಮದೊಳಕ್ಕೇ ತಿರುಗಿ ಬೆಳೆದು, ವಾರದೊಳಗೆ ಕೆಂಪು ಗುಳ್ಳೆಗಳಾಗಿ ಏಳುತ್ತದೆ.

ಇಷ್ಟರಲ್ಲಿ ಎಡಗೈ ಏನು ಮಾಡುತ್ತದೆ? ಕತ್ತಿ ಹೋಗುವ ದಿಕ್ಕಿಗೆ ವಿರುದ್ಧವಾಗಿ ಚರ್ಮವನ್ನು ಎಳೆದು ಹಿಡಿಯುತ್ತದೆ. ಸಡಿಲವಾಗಿ ಬಿಟ್ಟ ಚರ್ಮ ಅಲಗಿನ ಮುಂದೆ ಮಡಿಕೆ ಬಿದ್ದು, ಆ ಮಡಿಕೆಯ ತಲೆ ಕೊಯ್ದುಹೋಗುತ್ತದೆ. ನಾನು ಕಂಡ ಗಾಯಗಳಲ್ಲಿ ಹೆಚ್ಚಿನವು ಹೀಗೆ ಆದವು. ಗಿರಾಕಿಯೂ ತಿಳಿಯದೆಯೇ ನೆರವಾಗುತ್ತಾನೆ. ನಾಲಿಗೆಯಿಂದ ಕೆನ್ನೆಯನ್ನು ಒಳಗಿನಿಂದ ಉಬ್ಬಿಸುತ್ತಾನೆ, ಮೇಲ್ತುಟಿಯನ್ನು ಹಲ್ಲಿನ ಮೇಲೆ ಬಿಗಿಯುತ್ತಾನೆ, ಗಲ್ಲ ಎತ್ತುತ್ತಾನೆ. ಅವನ ಮುಖದ ಸ್ನಾಯುಗಳೂ ನನ್ನ ಎಡಗೈಯೂ ಕೂಡಿ ಕೆಲಸ ಮಾಡುತ್ತವೆ.

ನೀರಿನ ವಿಷಯದಲ್ಲಿ ಅವಸರ ಮಾಡಲೇಬಾರದು. ಒಣಗಿದ ಗಡ್ಡದ ಕೂದಲು ಸಪುರ ತಂತಿಯ ಹಾಗೆ ಗಟ್ಟಿ. ಎರಡು ಮೂರು ನಿಮಿಷ ಉಗುರುಬೆಚ್ಚಗಿನ ನೀರು ಕುಡಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಆ ನೀರು ಆರದಂತೆ ಹಿಡಿದಿಡುವುದಕ್ಕೇ ನೊರೆ. ಮನೆಯಲ್ಲಿ ಕ್ಷೌರ ಮಾಡಿಕೊಂಡು ಉರಿ ಎಂದು ನನ್ನಲ್ಲಿಗೆ ಬರುವ ಹುಡುಗರನ್ನು ಕೇಳಿದರೆ, ಬಹುಪಾಲು ಎಲ್ಲರೂ ಸ್ನಾನಕ್ಕಿಂತ ಮೊದಲೇ, ಮುಖಕ್ಕೆ ನೀರು ಮುಟ್ಟಿಸಿದಂತೆ ಮಾಡಿ ಕೆರೆದುಕೊಂಡವರು. ಸ್ನಾನ ಮುಗಿಸಿ ಮಾಡಿಕೊಳ್ಳಿ ಎನ್ನುತ್ತೇನೆ. ಬೋಳಿಸಿದರೆ ಕೂದಲು ದಪ್ಪ ಬರುತ್ತದೆಯೇ ಎಂದೂ ಕೇಳುತ್ತಾರೆ. ಬರುವುದಿಲ್ಲ, ಬೇರು ಚರ್ಮದ ಒಳಗಿದೆ, ಕತ್ತಿ ಅಲ್ಲಿಗೆ ತಲುಪುವುದೇ ಇಲ್ಲ.

ಅಜ್ಜನ ಕಾಲದ ಕತ್ತಿ ಈಗಲೂ ನನ್ನ ಬಳಿ ಇದೆ. ಸಾಣೆಕಲ್ಲಿಗೆ ಹಿಡಿದು, ಚರ್ಮದ ಪಟ್ಟಿಯ ಮೇಲೆ ಹಿಂದೆ ಮುಂದೆ ಉಜ್ಜಿ ಹದ ಮಾಡುತ್ತಿದ್ದ ಕತ್ತಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಒಂದು ರಾತ್ರಿ ಒದ್ದೆ ಬಿಟ್ಟರೆ ಸಾಕು, ಬೆಳಿಗ್ಗೆ ತುಕ್ಕು. ಅದಕ್ಕೇ ಅಂಗಡಿ ಮುಚ್ಚುವ ಮೊದಲು ಅಪ್ಪ ಅದಕ್ಕೆ ತೆಂಗಿನೆಣ್ಣೆ ಸವರಿಡುತ್ತಿದ್ದರು. ಒಂದೇ ಕತ್ತಿ ದಿನವಿಡೀ ಎಲ್ಲರ ಮುಖಕ್ಕೆ ತಾಗುತ್ತಿತ್ತು. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಅದರ ಭಯ ನಮ್ಮ ಕುರ್ಚಿಯವರೆಗೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ನಿಜಕ್ಕೂ ಹೆಪಟೈಟಿಸ್ ಬಿ ಇನ್ನೂ ಸುಲಭವಾಗಿ ಹರಡುತ್ತದೆ, ಅದರ ವೈರಸ್ ಒಣಗಿದ ರಕ್ತದಲ್ಲಿ ಏಳು ದಿನವಾದರೂ ಜೀವ ಹಿಡಿದಿರುತ್ತದೆ. ಇದು ತಿಳಿದ ದಿನ ಅಪ್ಪ ಆ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು, ಮತ್ತೆ ಹೊರಗೆ ತೆಗೆಯಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಪ್ರತಿಯೊಬ್ಬರಿಗೂ ಹೊಸ ಬ್ಲೇಡು. ಎರಡಲಗಿನ ಬ್ಲೇಡನ್ನು ಕಾಗದದ ಹೊದಿಕೆಯಲ್ಲೇ ಬಗ್ಗಿಸಿ ಎರಡಾಗಿ ಮುರಿದು, ಅರ್ಧವನ್ನು ಕತ್ತಿಯ ಹಿಡಿಗೆ ಗಿರಾಕಿಯ ಕಣ್ಣೆದುರೇ ಸೇರಿಸುತ್ತೇನೆ. ಅದನ್ನು ನೋಡುವ ಹಕ್ಕು ಅವನಿಗಿದೆ.

ಹೊಸ ಕತ್ತಿಗೆ ಕೈ ಒಗ್ಗಲು ಕಷ್ಟವಾಯಿತು. ಹಳೆಯದಕ್ಕೆ ತನ್ನದೇ ತೂಕವಿತ್ತು, ಸುಮ್ಮನೆ ಹಿಡಿದರೆ ಇಳಿಯುತ್ತಿತ್ತು. ಅರ್ಧ ಬ್ಲೇಡಿನದು ಹಗುರ, ಬ್ಲೇಡಿನ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗ. ಹಗುರವೆಂದು ಒತ್ತಿದೆವೋ, ಚರ್ಮದ ಮೇಲ್ಪದರವೇ ಎದ್ದುಬರುತ್ತದೆ. ಸುಮಾರು ಮೂವತ್ತು ಡಿಗ್ರಿ ಓರೆಯಾಗಿ ಹಿಡಿದು, ಗಿಡ್ಡ ಗಿಡ್ಡ ಎಳೆತಗಳಲ್ಲಿ ಹೋಗಬೇಕು. ಸರಿಯಾಗಿ ಹೋಗುತ್ತಿದ್ದರೆ ಸಣ್ಣ ಸರಸರ ಸದ್ದು ಕೇಳುತ್ತದೆ. ಸದ್ದು ಒರಟಾದರೆ ನಿಲ್ಲಿಸಿ ಮತ್ತೆ ನೀರು ಹಚ್ಚುತ್ತೇನೆ.

ಈ ಕುರ್ಚಿಯಲ್ಲಿ ಗಡ್ಡದ ಜೊತೆಗೆ ಅವರವರ ದಿನಗಳೂ ಬಂದು ಕೂರುತ್ತವೆ. ಶಬರಿಮಲೆಗೆ ಮಾಲೆ ಹಾಕಿದವರು ನಲವತ್ತೊಂದು ದಿನ ಕತ್ತಿ ಮುಟ್ಟುವುದಿಲ್ಲ. ಯಾತ್ರೆ ಮುಗಿಸಿ ಮಾಲೆ ತೆಗೆದು ಬಂದವರ ಗಡ್ಡವನ್ನು ಮೊದಲು ಕತ್ತರಿಯಿಂದ ಇಳಿಸಬೇಕು. ಅಷ್ಟು ದಿನ ಅಲಗು ಕಾಣದ ಚರ್ಮ ಮಗುವಿನ ಚರ್ಮದಂತೆ ಇರುತ್ತದೆ, ಅಲ್ಲಿ ಒಂದೇ ಎಳೆತ. ಹೆಂಡತಿ ಬಸುರಿಯಾಗಿರುವಾಗ ಗಡ್ಡ ಬಿಡುವವರಿದ್ದಾರೆ. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ ಕರೆದರೆ ನಾನೇ ಅವರ ಅಂಗಳಕ್ಕೆ ಹೋಗುತ್ತೇನೆ. ತಂದೆಯನ್ನು ಕಳೆದುಕೊಂಡ ಮಗ ಮಣೆಯ ಮೇಲೆ ಕುಳಿತು ತಲೆ ಬಗ್ಗಿಸುತ್ತಾನೆ. ಅಲ್ಲಿ ನಾನು ಮಾತನಾಡುವುದಿಲ್ಲ. ಎಡಗೈಯನ್ನು ಅವನ ನೆತ್ತಿಯ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಶುರು ಮಾಡುತ್ತೇನೆ.

ಬ್ಯಾರಿಗಳ, ಅಂದರೆ ನಮ್ಮ ಕರಾವಳಿಯ ಮುಸ್ಲಿಮರ ಮನೆಗಳಲ್ಲಿ ಮಗು ಹುಟ್ಟಿದ ಏಳನೆಯ ದಿನ ತಲೆ ಬೋಳಿಸಲು ಕರೆಯುತ್ತಾರೆ. ಕೂದಲನ್ನು ತೂಗಿ, ಆ ತೂಕದ ಬೆಳ್ಳಿಯ ಬೆಲೆಯನ್ನು ಬಡವರಿಗೆ ಕೊಡುವುದು ಅವರ ಪದ್ಧತಿ. ನಾನು ಮಾಡುವ ಕೆಲಸಗಳಲ್ಲಿ ಅದರಷ್ಟು ಕಷ್ಟದ್ದು ಇನ್ನೊಂದಿಲ್ಲ. ನೆತ್ತಿಯ ಎಲುಬು ಇನ್ನೂ ಕೂಡಿರುವುದಿಲ್ಲ, ಆ ಮೆತ್ತಗಿನ ಜಾಗ ಬೆರಳಡಿಯಲ್ಲಿ ಮಿಡಿಯುತ್ತಿರುತ್ತದೆ. ಮಗು ಅಜ್ಜಿಯ ಮಡಿಲಲ್ಲಿ ಹಾಲು ಕುಡಿದು ನಿದ್ದೆ ಹೋಗುವವರೆಗೆ ಕಾಯುತ್ತೇನೆ. ಆಮೇಲೆ ಎಡಗೈಯ ಅಂಗೈಯಲ್ಲಿ ಇಡೀ ತಲೆಯನ್ನು ಹಿಡಿದುಕೊಳ್ಳುತ್ತೇನೆ.

ಅಪ್ಪನ ಮಾತು ಪೂರ್ತಿ ತಿಳಿದದ್ದು ಮಾಸ್ತರರ ಮನೆಯಲ್ಲಿ. ಕುಂಜಿಬೆಟ್ಟಿನ ನಿವೃತ್ತ ಶಿಕ್ಷಕರು, ನಮ್ಮ ಅಂಗಡಿಯ ಹಳೆಯ ಗಿರಾಕಿ. ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಮೂರು ವಾರದ ಗಡ್ಡ. ಮಂಗಳವಾರ ನಮ್ಮ ಅಂಗಡಿಗೆ ರಜೆ, ಆದರೆ ಆ ದಿನ ಮನೆಯೊಳಗೆ ಕ್ಷೌರ ಯಾರೂ ಒಪ್ಪುವುದಿಲ್ಲ. ಬುಧವಾರ ಬೆಳಿಗ್ಗೆ ಆರೂವರೆಗೆ ಹೋದೆ. “ಅಮ್ಮ, ಒಂದು ಚೆಂಬು ಬಿಸಿನೀರು ಕೊಡಿ” ಎಂದು ಕೇಳಿ, ಮಾಸ್ತರರನ್ನು ದಿಂಬಿಗೆ ಒರಗಿಸಿದೆ.

ಎಡಗೆನ್ನೆ ಎಂದಿನಂತೆ ಆಯಿತು. ಬಲಗೆನ್ನೆಗೆ ಬಂದಾಗ ನನ್ನ ಕೈ ನಿಂತಿತು. ಅಲ್ಲಿ ನನಗೆ ನೆರವಾಗುವವರು ಯಾರೂ ಇರಲಿಲ್ಲ. ಕೆನ್ನೆ ಜೋತುಬಿದ್ದಿತ್ತು, ನಾಲಿಗೆ ಅದನ್ನು ಉಬ್ಬಿಸುತ್ತಿರಲಿಲ್ಲ, ತುಟಿಯ ಮೂಲೆ ಬಿಗಿಯುತ್ತಿರಲಿಲ್ಲ. ಮುಟ್ಟಿದ್ದೂ ಅವರಿಗೆ ತಿಳಿಯುತ್ತಿರಲಿಲ್ಲ, ಗಾಯವಾದರೂ ಮುಖ ಹಿಂಡಿ ನನ್ನನ್ನು ಎಚ್ಚರಿಸುವಂತಿರಲಿಲ್ಲ. ರಕ್ತ ತೆಳುವಾಗುವ ಮಾತ್ರೆ ಬೇರೆ ನಡೆಯುತ್ತಿತ್ತು, ಒಂದು ಗೀರು ಬಿದ್ದರೂ ಬೇಗನೆ ನಿಲ್ಲದು. ಕತ್ತಿಯನ್ನು ಕೆಳಗಿಟ್ಟು ಕಣ್ಣು ಮುಚ್ಚಿದೆ. ಹದಿನಾರರ ಹುಡುಗನಾಗಿದ್ದಾಗ ಮಾಡಿದಂತೆ ಬೆರಳಿನಿಂದ ಆ ಕೆನ್ನೆಯನ್ನು ಇಂಚಿಂಚಾಗಿ ಓದಿದೆ. ಕಿವಿಯ ಮುಂದಿನ ಚರ್ಮವನ್ನು ಮೇಲಕ್ಕೆ ಎಳೆದು ಅಂಗೈಯಿಂದ ಒತ್ತಿ ಹಿಡಿದೆ. ಒಂದೊಂದು ಬೆರಳಗಲದಷ್ಟೇ ಜಾಗ ತೆಗೆದುಕೊಂಡೆ. ಬಾಯಿಯ ಮೂಲೆಗೆ ಒದ್ದೆ ಬಟ್ಟೆ ಸುತ್ತಿದ ಬೆರಳನ್ನು ಒಳಗಿನಿಂದ ಆಸರೆಯಾಗಿ ಕೊಟ್ಟೆ. ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸಕ್ಕೆ ಅಂದು ನಲವತ್ತು ನಿಮಿಷ ಹಿಡಿಯಿತು. ಇಂಥವರಿಗೆ ಬ್ಯಾಟರಿಯ ಟ್ರಿಮ್ಮರ್ ಸುರಕ್ಷಿತ ಎಂದು ಮನೆಯವರಿಗೆ ಹೇಳಿದ್ದೇನೆ, ನಾನಿಲ್ಲದ ದಿನಗಳಿಗೆ ಅದೇ ಸರಿ. ಮಾಸ್ತರರಿಗೆ ಮಾತ್ರ ನೊರೆಯೇ ಬೇಕು.

ಪಟಿಕದ ಕಲ್ಲು ಸವರಿ, ಬಟ್ಟೆಯಿಂದ ಒತ್ತಿ ಒರೆಸಿ, ಅವರ ಕೈಗೆ ಕನ್ನಡಿ ಕೊಡಹೋದೆ. ಅದನ್ನು ಅವರು ತೆಗೆದುಕೊಳ್ಳಲಿಲ್ಲ. ಸರಿಯಿದ್ದ ಎಡಗೈಯನ್ನು ಎತ್ತಿ, ಮೊದಲು ಎಡಗೆನ್ನೆ, ಆಮೇಲೆ ಬಲಗೆನ್ನೆಯನ್ನು ಬೆರಳ ತುದಿಯಿಂದ ನಿಧಾನವಾಗಿ ಸವರಿದರು. ಬಲದವಡೆಯ ಕೆಳಗೆ ಬೆರಳು ನಿಂತಿತು. ಅಲ್ಲೇ ಎರಡು ಸಲ ತಟ್ಟಿ ನನ್ನ ಮುಖ ನೋಡಿದರು. ನಾನು ಬೆರಳಿಟ್ಟು ನೋಡಿದೆ. ನಾಲ್ಕೈದು ಕೂದಲು ಉಳಿದಿದ್ದವು.

ಚೆಂಬಿನ ನೀರು ಆರಿತ್ತು. ಅಮ್ಮ ಬೇರೆ ಬಿಸಿನೀರು ತಂದರು, ನಾನು ಮತ್ತೆ ನೊರೆ ಎಬ್ಬಿಸಿದೆ.