ಶ್ವಾಸಕೋಶದ ರಕ್ತನಾಳಗಳಲ್ಲಿ ಕೊಲಾಜೆನ್: ಹೊರಪದರ ಅಳೆಯಲು ಶುರು ಮಾಡಿದ ಮೇಲೆ

ಶ್ವಾಸಕೋಶದ ರಕ್ತನಾಳದ ಗೋಡೆಯಲ್ಲಿ ಕೊಲಾಜೆನ್ (ಅಂಗಾಂಶಕ್ಕೆ ಬಿಗಿ ಕೊಡುವ ಪ್ರೋಟೀನ್ ಎಳೆ) ಎಷ್ಟಿದೆ ಅಂತ ನಾನು ಅಳೆಯುತ್ತೇನೆ. ಆ ನಾಳ ಮೈಕ್ರೋಸ್ಕೋಪಿನಲ್ಲಿ ಸರಿಯಾಗಿ ಕಾಣಬೇಕು ಅಂದರೆ ಮೊದಲು ಶ್ವಾಸಕೋಶವನ್ನು ಉಬ್ಬಿಸಬೇಕು. ಪೋಸ್ಟ್‌ಮಾರ್ಟಂನಲ್ಲಿ ತೆಗೆದ ಶ್ವಾಸಕೋಶ ಕುಗ್ಗಿ ಮುದ್ದೆಯಾಗಿರುತ್ತದೆ. ಹಾಗೇ ಫಾರ್ಮಲಿನ್‌ಗೆ (ಅಂಗಾಂಶ ಕೆಡದಂತೆ ಇಡುವ ದ್ರಾವಣ) ಹಾಕಿದರೆ ನಾಳದ ಗೋಡೆಯೂ ಸುಕ್ಕುಗಟ್ಟಿ, ಇಲ್ಲದ ದಪ್ಪ ತೋರಿಸುತ್ತದೆ. ನಾನು ಶ್ವಾಸನಾಳಕ್ಕೆ ಟ್ಯೂಬ್ ಕಟ್ಟಿ, ಫಾರ್ಮಲಿನ್ ಬಾಟಲಿಯನ್ನು 25 ಸೆಂಟಿಮೀಟರ್ ಎತ್ತರದಲ್ಲಿಟ್ಟು, ತಾನಾಗಿ ಇಳಿಯಲು ಬಿಡುತ್ತೇನೆ. ಸಿರಿಂಜಿನಲ್ಲಿ ಒತ್ತಿ ತುಂಬಿಸೋದು ನನಗೆ ಇಷ್ಟವಿಲ್ಲ. ಒಂದೊಂದು ಸಲ ಒಂದೊಂದು ಒತ್ತಡ ಬೀಳುತ್ತದೆ. ಆಮೇಲೆ ಒಂದನ್ನು ಇನ್ನೊಂದಕ್ಕೆ ಹೋಲಿಸೋದು ಹೇಗೆ?

ನಾನು ಕೋಲಾರದಲ್ಲಿ ಪೆಥಾಲಜಿಸ್ಟ್. ಈ ಕೆಲಸಕ್ಕೆ ನನ್ನನ್ನು ಎಳೆದದ್ದು ನಮ್ಮ ಜಿಲ್ಲೆಯ ಹೆಂಗಸರು. ಮುಳಬಾಗಿಲು, ಶ್ರೀನಿವಾಸಪುರ ಕಡೆಯಿಂದ ಬರುವ ವಯಸ್ಸಾದ ಅಮ್ಮಂದಿರು ಬೀಡಿ ಮುಟ್ಟಿದವರಲ್ಲ. ಆದರೂ ನಾಲ್ಕು ಹೆಜ್ಜೆ ಇಟ್ಟರೆ ದಮ್ಮು, ಸಂಜೆಯಾದರೆ ಕಾಲು ಬಾವು. ವಾರ್ಡಿಗೆ ಹೋಗಿ ಕೇಳಿದರೆ, "ನೀಲಗಿರಿ ಸೌದೆ ಒಲೆ ಮುಂದೇನೇ ಜೀವ ಸವೀತು ಮೇಡಂ" ಅನ್ನುತ್ತಾರೆ. ಇನ್ನೊಂದು ಕಡೆ ಕ್ರಷರ್ ಧೂಳು ಕುಡಿದವರು, 2001ರಲ್ಲಿ ಗಣಿ ಮುಚ್ಚುವ ತನಕ ಕೆಜಿಎಫ್ ಸುರಂಗದಲ್ಲಿ ದುಡಿದವರು. ಹೊಗೆ, ಧೂಳು ಶ್ವಾಸಕೋಶ ಕೆಡಿಸುತ್ತೆ ಅಂತ ಎಲ್ಲರಿಗೂ ಗೊತ್ತು. ಅಲ್ಲಿನ ರಕ್ತನಾಳಗಳ ಕಡೆ ಗಮನ ಕಡಿಮೆ. ಮನೆಯವರು ಒಪ್ಪಿದಾಗ ಮಾತ್ರ ನಾನು ಅಧ್ಯಯನಕ್ಕೆ ತುಣುಕು ತೆಗೆಯುತ್ತೇನೆ. ದುಃಖದ ಹೊತ್ತಲ್ಲೂ ಒಪ್ಪುವ ಆ ಮನೆಗಳ ಋಣ ದೊಡ್ಡದು.

ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೇಹಕ್ಕೆ ಕಳಿಸುತ್ತದೆ. ಅಷ್ಟೂ ರಕ್ತ ಶ್ವಾಸಕೋಶದಲ್ಲಿ ಹಾದು ಬರಬೇಕು. ಆದರೆ ಅಲ್ಲಿನ ಅಪಧಮನಿಯ ಸರಾಸರಿ ಒತ್ತಡ ಸುಮಾರು 14 ಮಿ.ಮೀ. ಪಾದರಸ ಮಾತ್ರ. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿಯ ಸರಾಸರಿ 90ರ ಆಸುಪಾಸು. ಇಷ್ಟು ಕಡಿಮೆ ಒತ್ತಡದಲ್ಲಿ ಕೆಲಸ ನಡೆಯೋದು ಆ ನಾಳಗಳು ತೆಳ್ಳಗೆ, ಮೆತ್ತಗೆ ಇರೋದರಿಂದ. ಸರಾಸರಿ 20 ದಾಟಿದರೆ ಪಲ್ಮನರಿ ಹೈಪರ್‌ಟೆನ್ಷನ್, ಅಂದರೆ ಶ್ವಾಸಕೋಶದ ನಾಳಗಳ ಏರಿದ ಒತ್ತಡ, ಅನ್ನುತ್ತೇವೆ. 2018ರ ತನಕ ಈ ಗೆರೆ 25ರಲ್ಲಿತ್ತು.

ನಾಳದ ಗೋಡೆಗೆ ಮೂರು ಪದರ: ಒಳಗೆ ತೆಳು ಇಂಟಿಮಾ, ನಡುವೆ ಸ್ನಾಯುವಿನ ಮೀಡಿಯಾ, ಹೊರಗೆ ಅಡ್ವೆಂಟಿಶಿಯಾ. ಓದುವಾಗ ನಮಗೆಲ್ಲ ಜಾಸ್ತಿ ತೋರಿಸೋದು ನಡುವಿನ ಸ್ನಾಯುವನ್ನೇ. ಈ ಕಾಯಿಲೆಯಲ್ಲಿ ನಾಳ ಎಷ್ಟು ಕೆಟ್ಟಿದೆ ಅಂತ ಹೇಳಲು 1958ರಲ್ಲಿ ಹೀತ್ ಮತ್ತು ಎಡ್ವರ್ಡ್ಸ್ ಮಾಡಿದ ಆರು ಹಂತಗಳೂ ಒಳಪದರ, ನಡುಪದರದ ಬದಲಾವಣೆಗಳ ಮೇಲೇ ನಿಂತಿವೆ. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದ್ದು ಹೊರಪದರ. ಆಮ್ಲಜನಕ ಕಡಿಮೆಯಾದಾಗ ಬಲು ಬೇಗ ಎಚ್ಚೆತ್ತುಕೊಳ್ಳೋದು ಅಲ್ಲಿನ ಫೈಬ್ರೋಬ್ಲಾಸ್ಟ್ ಅನ್ನೋ ಜೀವಕೋಶಗಳು. ಅವು ಕೊಲಾಜೆನ್ ಹೆಣೆಯುತ್ತವೆ. ಲೈಸಿಲ್ ಆಕ್ಸಿಡೇಸ್ ಅನ್ನೋ ಕಿಣ್ವ ಆ ಎಳೆಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಹಳೇ ಎಳೆ ಕತ್ತರಿಸುವ ಎಂಎಂಪಿ ಕಿಣ್ವಗಳಿವೆ, ಅವನ್ನು ತಡೆಯುವ ಟಿಂಪ್‌ಗಳೂ ಇವೆ. ಕಟ್ಟೋದು, ಕತ್ತರಿಸೋದು ಆರೋಗ್ಯವಾಗಿರುವ ನಾಳದಲ್ಲೂ ನಡೆದೇ ಇರುತ್ತದೆ. ಕಟ್ಟೋದು ಜಾಸ್ತಿಯಾದರೆ ಗೋಡೆ ಗಡುಸಾಗುತ್ತದೆ. ನಾಲ್ಕು ಬೇಸಿಗೆ ಕಂಡ ಟೊಮೊಟೊ ಹೊಲದ ಡ್ರಿಪ್ ಪೈಪಿನ ಹಾಗೆ. ಗಡುಸು ನಾಳ ಹೃದಯದ ಬಡಿತಕ್ಕೆ ಹಿಗ್ಗಲ್ಲ. ಬಡಿತದ ಏಟು ನೇರ ಕೆಳಗಿನ ಸಣ್ಣ ನಾಳಗಳಿಗೆ ಬೀಳುತ್ತದೆ, ಅವೂ ಕೆಡುತ್ತವೆ.

ಮಾಮೂಲಿ ಎಚ್ ಅಂಡ್ ಇ (ಹೆಮಟಾಕ್ಸಿಲಿನ್, ಇಯೋಸಿನ್) ಸ್ಟೇನ್‌ನಲ್ಲಿ, ಅಂದರೆ ಸ್ಲೈಡಿಗೆ ಹಾಕುವ ಬಣ್ಣದಲ್ಲಿ, ಸ್ನಾಯುವೂ ಗುಲಾಬಿ, ಕೊಲಾಜೆನ್ನೂ ಗುಲಾಬಿ. ಅದಕ್ಕೇ ಮ್ಯಾಸನ್ ಟ್ರೈಕ್ರೋಮ್ ಮಾಡುತ್ತೇನೆ: ಸ್ನಾಯು ಕೆಂಪು, ಕೊಲಾಜೆನ್ ನೀಲಿ. ಎಲಾಸ್ಟಿಕ್ ಎಳೆಗಳಿಗೆ ವೆರ್‌ಹೋಫ್ ಬೇಕು. ಕಪ್ಪು ಗೆರೆಗಳು ಕಂಡರೇನೇ ಯಾವ ಪದರ ಎಲ್ಲಿ ಮುಗಿಯಿತು ಅಂತ ಧೈರ್ಯವಾಗಿ ಹೇಳಬಹುದು. ಅಳತೆಗೆ ಮಾತ್ರ ನನ್ನ ನಂಬಿಕೆ ಕೊಲಾಜೆನ್ನನ್ನು ಕೆಂಪು ಮಾಡುವ ಪಿಕ್ರೋಸಿರಿಯಸ್ ರೆಡ್ ಮೇಲೆ. ಸ್ಯಾಚುರೇಟೆಡ್ ಪಿಕ್ರಿಕ್ ಆಸಿಡ್‌ನಲ್ಲಿ 0.1% ಸಿರಿಯಸ್ ರೆಡ್, ಒಂದು ಗಂಟೆ.

ಇಲ್ಲಿ ನಮ್ಮೂರಿನ ನೀರಿನ ವಿಷಯ ಬರುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸು, ಕ್ಷಾರ ಜಾಸ್ತಿ. ಹೆಮಟಾಕ್ಸಿಲಿನ್‌ಗೆ ಅದು ಚೆನ್ನಾಗಿಯೇ ಒಗ್ಗುತ್ತದೆ, ನ್ಯೂಕ್ಲಿಯಸ್ ಬೇಗ ನೀಲಿಗೆ ತಿರುಗುತ್ತದೆ. ಸಿರಿಯಸ್ ರೆಡ್‌ಗೆ ಅದು ಆಗಲ್ಲ. ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಶುರುವಿನಲ್ಲೇ ಹೇಳಿದ್ದರು, "ಮೇಡಂ, ಇದಕ್ಕೆ ನಲ್ಲಿ ನೀರು ತೋರಿಸಲೇಬೇಡಿ, ಬಣ್ಣ ಇಳಿದುಹೋಗುತ್ತೆ." ಡಿಸ್ಟಿಲ್ಡ್ ನೀರಿಗೆ 0.5% ಅಸಿಟಿಕ್ ಆಸಿಡ್ ಬೆರೆಸಿ, ಎರಡು ಸಲ ಅದರಲ್ಲೇ ತೊಳೆದು, ಸ್ಲೈಡ್ ಜೋರಾಗಿ ಒದರಿ, ನೇರ ಆಲ್ಕೋಹಾಲ್‌ಗೆ ಇಳಿಸುತ್ತೇವೆ. ಆಗ ಹಳದಿ ಹಿನ್ನೆಲೆಯಲ್ಲಿ ಕೊಲಾಜೆನ್ ಎಳೆಗಳು ಅಚ್ಚ ಕೆಂಪಾಗಿ, ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತವೆ. ಅಂದ ಹಾಗೆ, ಪಿಕ್ರಿಕ್ ಆಸಿಡ್ ಪುಡಿ ಒಣಗಿದರೆ ಸಿಡಿಯುವ ವಸ್ತು. ಬಾಟಲಿಯಲ್ಲಿ ಸದಾ ನೀರಿನ ಪಸೆ ಇರಬೇಕು. ಮುಚ್ಚಳದ ಸಂದಿಯಲ್ಲಿ ಹರಳು ಕಂಡರೆ ಅದನ್ನು ಯಾರೂ ತಿರುಗಿಸಬಾರದು.

ಪೋಲರೈಸ್ಡ್ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಬೆಳಕಿನಲ್ಲಿ ನೋಡಿದರೆ ದಪ್ಪ ಎಳೆ ಕಿತ್ತಳೆ, ಕೆಂಪು ಬಣ್ಣದಲ್ಲೂ ಸಣ್ಣ ಎಳೆ ಹಸಿರಾಗಿಯೂ ಹೊಳೆಯುತ್ತವೆ. ಕೆಂಪು ಅಂದರೆ ಟೈಪ್ 1 ಕೊಲಾಜೆನ್, ಹಸಿರು ಅಂದರೆ ಟೈಪ್ 3 ಅಂತ ಬರೆಯುವವರು ಇನ್ನೂ ಇದ್ದಾರೆ. ನಾನು ಹಾಗೆ ಬರೆಯಲ್ಲ, ನನ್ನ ಪಿಜಿ ವಿದ್ಯಾರ್ಥಿಗಳಿಗೂ ಬಿಡಲ್ಲ. ಆ ಬಣ್ಣ ಎಳೆಯ ದಪ್ಪ, ಹೆಣಿಗೆ, ಸೆಕ್ಷನ್ನಿನ ದಪ್ಪದ ಮೇಲೆ ನಿಂತಿರುತ್ತದೆ. ಟೈಪ್ ತಿಳಿಯಬೇಕಾದರೆ ಆಂಟಿಬಾಡಿ ಹಾಕಿಯೇ ನೋಡಬೇಕು.

ಅಳೆಯುವಾಗ ನಿಜವಾಗಿ ತಲೆನೋವು ಕೊಡೋದು ಗಡಿ. ಶ್ವಾಸಕೋಶದಲ್ಲಿ ಅಪಧಮನಿ ಗಾಳಿಕೊಳವೆಯ ಪಕ್ಕದಲ್ಲೇ ಸಾಗುತ್ತದೆ. ಎರಡರ ಹೊರಪದರವೂ ಅಲ್ಲಲ್ಲಿ ಬೆರೆತಿರುತ್ತದೆ. ಸೌದೆ ಹೊಗೆ ಕುಡಿದ ಶ್ವಾಸಕೋಶದಲ್ಲಿ ಗಾಳಿಕೊಳವೆಯ ಸುತ್ತಲೂ ಕೊಲಾಜೆನ್ ಕೂತಿರುತ್ತದೆ, ಅದನ್ನು ನಾಳದ ಲೆಕ್ಕಕ್ಕೆ ಸೇರಿಸಿದರೆ ಅಂಕಿ ಸುಮ್ನೆ ಏರುತ್ತದೆ. ಹಾಗಾಗಿ ಗಾಳಿಕೊಳವೆಗೆ ಬೆನ್ನು ಮಾಡಿದ ಬದಿಯಲ್ಲಿ ಮಾತ್ರ ಅಳೆಯುತ್ತೇನೆ. ಓರೆಯಾಗಿ ಕತ್ತರಿಸಿದ ನಾಳ ಬಿಟ್ಟುಬಿಡುತ್ತೇನೆ, ಉದ್ದದ ವ್ಯಾಸ ಗಿಡ್ಡ ವ್ಯಾಸದ ಎರಡು ಪಟ್ಟು ದಾಟಿದರೆ ಅದು ಲೆಕ್ಕಕ್ಕಿಲ್ಲ. ಹೋಲಿಸುವ ಸ್ಲೈಡುಗಳೆಲ್ಲ ಒಂದೇ ದಿನ, ಒಂದೇ ದ್ರಾವಣದಲ್ಲಿ ಸ್ಟೇನ್ ಆಗಬೇಕು. ಹೆಸರಿನ ಚೀಟಿ ಬೇರೆಯವರು ಮುಚ್ಚಿ ಕೊಡುತ್ತಾರೆ. ಆಮೇಲೆ ಅಳತೆ ಇಮೇಜ್‌ಜೆಯಲ್ಲಿ. ಅದು ಚಿತ್ರ ಅಳೆಯುವ ಉಚಿತ ಸಾಫ್ಟ್‌ವೇರ್, ಹಳೇ ಕಂಪ್ಯೂಟರಲ್ಲೂ ಓಡುತ್ತದೆ. ಇನ್ನೊಂದು ಮಾತು: ವಯಸ್ಸಾದಂತೆ ಎಲ್ಲರ ಒಳಪದರದಲ್ಲೂ ಒಂದಿಷ್ಟು ಕೊಲಾಜೆನ್ ಬರುತ್ತದೆ. ಎಪ್ಪತ್ತರ ಅಜ್ಜಿಯನ್ನು ಮೂವತ್ತರ ಹುಡುಗನಿಗೆ ಹೋಲಿಸಿದರೆ ಅರ್ಥವಿಲ್ಲ, ಅಲ್ವಾ?

ಹೀಗೆ ನೋಡಿದಾಗ ಕೆಲವು ಹೆಂಗಸರಲ್ಲಿ ಸ್ನಾಯು ಅಷ್ಟೇನೂ ಬೆಳೆಯದೆ ಹೊರಗಿನ ಕೆಂಪು ಉಂಗುರ ಮಾತ್ರ ದಪ್ಪಗಿರುವುದು ಕಂಡೆ. ಎಚ್ ಅಂಡ್ ಇ ಒಂದನ್ನೇ ನೋಡಿದ್ದರೆ ಅವು "ವಿಶೇಷವೇನಿಲ್ಲ" ಅಂತ ಹೋಗಿಬಿಡುತ್ತಿದ್ದವು. ಇದು ಬರೀ ಪುಸ್ತಕದ ವಿಷಯವಲ್ಲ. ಸಿಲ್ಡೆನಾಫಿಲ್‌ನಂಥ ಔಷಧಿ ಸ್ನಾಯುವನ್ನು ಸಡಿಲಿಸುತ್ತದೆ, ಕೂತ ಕೊಲಾಜೆನ್ ಕರಗಿಸಲ್ಲ. 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೊಟಾಟರ್ಸೆಪ್ಟ್ ಗೋಡೆಯ ಬೆಳವಣಿಗೆಯನ್ನೇ ಗುರಿಯಾಗಿಟ್ಟ ಔಷಧಿ. ಆದರೆ ಅದು ಇರೋದು ಪಲ್ಮನರಿ ಆರ್ಟೀರಿಯಲ್ ಹೈಪರ್‌ಟೆನ್ಷನ್‌ಗೆ (ಅಪಧಮನಿಯದೇ ಕಾಯಿಲೆಯಿಂದ ಒತ್ತಡ ಏರುವ ಬಗೆ), ಹೊಗೆಯಿಂದ ಶ್ವಾಸಕೋಶ ಕೆಟ್ಟವರಿಗಲ್ಲ. ನಮ್ಮ ಅಮ್ಮಂದಿರಿಗೆ ಒಲೆ ಬದಲಾಗೋದು, ಆಮ್ಲಜನಕ ಕಮ್ಮಿಯಿದ್ದರೆ ಮನೆಯಲ್ಲೇ ಕೊಡೋದು, ಇವೇ ಈಗಲೂ ದೊಡ್ಡ ಚಿಕಿತ್ಸೆ.

ಹೃದಯವನ್ನು ತೂಗದೆ ನಾಳದ ಅಳತೆ ಮುಗಿಸಬೇಡಿ ಅಂತ ಪಿಜಿಗಳಿಗೆ ಹೇಳುತ್ತಿರುತ್ತೇನೆ. ಬಲ ಕುಹರ (ಹೃದಯದ ಬಲಗಡೆಯ ಕೆಳಕೋಣೆ) ಬೇರೆ ಮಾಡಿ ತೂಗಬೇಕು, ಎಡ ಕುಹರ ಮತ್ತು ನಡುಗೋಡೆ ಸೇರಿಸಿ ತೂಗಬೇಕು. ಎರಡನೆಯದು ಮೊದಲನೆಯದರ 2.3ರಿಂದ 3.3 ಪಟ್ಟು ಇದ್ದರೆ ಸರಿ. ಅದಕ್ಕಿಂತ ಕಡಿಮೆ ಬಂದರೆ ಬಲಭಾಗ ಒತ್ತಡದ ವಿರುದ್ಧ ದುಡಿದು ಬೆಳೆದಿದೆ ಅಂತ ಅರ್ಥ. ಆ ತೂಕ, ಹೊರಪದರದ ಅಳತೆ, ಮನೆಯಲ್ಲಿದ್ದದ್ದು ಯಾವ ಒಲೆ, ಎಷ್ಟು ವರ್ಷ, ಇದೆಲ್ಲ ಒಂದೇ ಹಾಳೆಯಲ್ಲಿ ಬರುವ ಹಾಗೆ ನಮ್ಮ ಫಾರಂ ಬದಲಾಯಿಸಿದ್ದೇನೆ. ಒಲೆಯ ಪ್ರಶ್ನೆಯನ್ನು ಮನೆಯವರ ಹತ್ತಿರ ನಾನೇ ಕೂತು ಕೇಳುತ್ತೇನೆ.