ಹಳೆಯ ಪ್ರೋಗ್ರಾಮ್ ಅರ್ಥ ಮಾಡಿಕೊಳ್ಳುವುದು ಹೇಗೆ? 19800ರ ಗುಟ್ಟು ಬಿಡಿಸೋಣ

ಬೇರೆಯವರು ಬರೆದಿಟ್ಟು ಹೋದ ಕೋಡ್ ಕೈಗೆ ಬಂದಾಗ ತುಂಬಾ ಜನ ಮೊದಲ ಸಾಲಿನಿಂದಲೇ ಓದಲು ಕೂರುತ್ತಾರೆ. ನೂರು ಸಾಲು ದಾಟುವಷ್ಟರಲ್ಲಿ ತಲೆ ಕೆಟ್ಟಿರುತ್ತದೆ. ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಭಾಗ, ಎಲ್ಲಿದೆ ಎಂಬುದನ್ನು ಕಂಪ್ಯೂಟರೇ ತೋರಿಸುತ್ತದೆ. ಆದರೆ ಆ ಲೂಪ್ ‘ರೈತರ ವಾರದ ಬಟವಾಡೆ’ ಎಂದು ಗುರುತಿಸಬೇಕಾದವರು ನಾವು. ಸಾಫ್ಟ್‌ವೇರ್ ಸಂಶೋಧಕ ಟೆಡ್ ಬಿಗರ್‌ಸ್ಟಾಫ್ ಮತ್ತು ಸಂಗಡಿಗರು 1993ರಲ್ಲಿ ಇದನ್ನು ‘ಕಾನ್ಸೆಪ್ಟ್ ಅಸೈನ್‌ಮೆಂಟ್’ ಸಮಸ್ಯೆ ಎಂದು ಕರೆದರು, ಅಂದರೆ ಕೋಡಿನ ತುಣುಕಿಗೆ ನಿಜ ಬದುಕಿನ ಅರ್ಥ ಹೊಂದಿಸುವ ಸಮಸ್ಯೆ.

ಹಳ್ಳಿಯ ಹಾಲಿನ ಡೈರಿಯ ಪ್ರೋಗ್ರಾಮ್ ಒಂದನ್ನು ತೆಗೆದುಕೊಳ್ಳೋಣ.

ಮೊದಲು ಕೋಡ್ ಪಕ್ಕಕ್ಕಿಡಿ. ಪ್ರೋಗ್ರಾಮ್ ರನ್ ಮಾಡಿ, ಬರುವ ಚೀಟಿ ನೋಡಿ. ದಿನಾಂಕ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ. ಈ ಪದಗಳನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಕೋಡ್‌ನಲ್ಲಿ ಹುಡುಕಬೇಕಾದದ್ದು ಇವನ್ನೇ.

ಆಮೇಲೆ ಅರ್ಥವಾಗದ ಸಂಖ್ಯೆಗಳನ್ನು ಹಿಡಿಯಿರಿ. 8.5 ಸಿಕ್ಕಿತು ಎನ್ನಿ. ಡೈರಿ ಕಾರ್ಯದರ್ಶಿಯನ್ನು ಕೇಳಿದರೆ ‘ಎಸ್‌ಎನ್‌ಎಫ್ ಅಲ್ವಾ’ ಎಂದುಬಿಡುತ್ತಾರೆ. ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿಯುವ ಗಟ್ಟಿ ಅಂಶ ಅದು. ಕೋಡನ್ನು ಎಷ್ಟು ಸಲ ಓದಿದರೂ ಈ ಉತ್ತರ ಸಿಗುತ್ತಿರಲಿಲ್ಲ.

ಈಗ ಈ ಸಾಲು ನೋಡಿ:

ಡಿ = (ಟಿ + 19800) / 86400

86400 ಸುಲಭ. 24 × 60 × 60, ಅಂದರೆ ಒಂದು ದಿನದ ಸೆಕೆಂಡುಗಳು. ಹಾಗಾದರೆ ಟಿ ಕೂಡ ಸೆಕೆಂಡಿನಲ್ಲೇ ಇರಬೇಕು. 1970ರ ಜನವರಿ 1ರಿಂದ ಎಣಿಸುವ ಯುನಿಕ್ಸ್ ಸಮಯ ಎಂದು ಊಹಿಸಬಹುದು. ಮತ್ತೆ 19800? 3600ರಿಂದ ಭಾಗಿಸಿ. 5.5 ಬರುತ್ತದೆ. ಐದೂವರೆ ಗಂಟೆ! ಯುನಿಕ್ಸ್ ಸಮಯ ನಡೆಯುವುದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ, ನಮ್ಮ ಗಡಿಯಾರ ಅದಕ್ಕಿಂತ ಅಷ್ಟೇ ಮುಂದಿದೆ. ಭಾಗಿಸಿದ ಮೇಲೆ ಶೇಷ ಬಿಟ್ಟರೆ, ಡಿ ಎಂಬುದು ದಿನದ ಸಂಖ್ಯೆ.

ಇದಿನ್ನೂ ಊಹೆ. ಪರೀಕ್ಷೆ ಮಾಡದೆ ಮುಂದೆ ಹೋಗಬೇಡಿ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಪ್ರೋಗ್ರಾಮಿನ ಒಂದು ನಕಲಿನಲ್ಲಿ 19800 ತೆಗೆದುಹಾಕಿ. ಬೆಳಿಗ್ಗೆ 5.15ಕ್ಕೆ ಒಬ್ಬರು, 5.45ಕ್ಕೆ ಇನ್ನೊಬ್ಬರು ಹಾಲು ಹಾಕಿದಂತೆ ದಾಖಲಿಸಿ. ಮೊದಲನೆಯವರ ಹಾಲು ನಿನ್ನೆಯ ಲೆಕ್ಕಕ್ಕೆ ಹೋಗುತ್ತದೆ, ಎರಡನೆಯವರದ್ದು ಇವತ್ತಿಗೆ. ಸುಮ್ನೆ ಕೂಡಿಸಿದ್ದಾರೆ ಎಂದು ಯಾರಾದರೂ ಆ ಸಂಖ್ಯೆಯನ್ನು ಅಳಿಸಿದ್ದರೆ, ಕತ್ತಲಲ್ಲೇ ಎದ್ದು ಕ್ಯಾನ್ ಹೊತ್ತು ತಂದವರ ಲೆಕ್ಕ ತಪ್ಪುತ್ತಿತ್ತು.

ಗೊತ್ತಾದದ್ದನ್ನು ಅಲ್ಲೇ ಬರೆದಿಡಿ. 19800ಕ್ಕೆ ‘ಭಾರತದ_ಸಮಯದ_ಅಂತರ’ ಎಂದು, ಡಿಗೆ ‘ಹಾಲು_ಹಾಕಿದ_ದಿನ’ ಎಂದು ಹೆಸರಿಡಿ. ಹಾಳೆಯಲ್ಲಿ ‘ದಿನಾಂಕ’ದ ಮುಂದೆ ಟಿಕ್ ಹಾಕಿ, ‘ದರ’ಕ್ಕೆ ಬನ್ನಿ.